ಹೆಬ್ಬಾವನ್ನು ಗುರುತಿಸುವ ಬಗೆ

(ಹುಲಗೋಳ ಸೀಮೆಯ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ಹೇಳಿದ ಉಪನ್ಯಾಸ)



ಕಣಿವೆಯ ತಳದಲ್ಲಿ ಅಡಕೆಯ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆಗೆ ಅರಣ್ಯ. ಹೀಗೆ ಒಂದಕ್ಕೊಂದು ಹೊಂದಿಕೊಂಡಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹೆಬ್ಬಾವನ್ನು ಕಾಣದ ರೈತರು ವಿರಳ. ಆದರೂ ಅದರ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳುಂಟು. ಹೆಬ್ಬಾವನ್ನು ವಿಷದ ಹಾವೆಂದು ಬಗೆದು ಕೊಲ್ಲುವುದು ಒಂದು. ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ತಿಳಿದು ಮುಟ್ಟುವುದು ಇನ್ನೊಂದು. ಮೊದಲನೆಯದರಿಂದ ಬೇಸಾಯಕ್ಕೆ ನಷ್ಟ; ಎರಡನೆಯದರಿಂದ ಪ್ರಾಣಕ್ಕೇ ಅಪಾಯ.

ಹೆಬ್ಬಾವಿನ ಲಕ್ಷಣಗಳು: ಇದರ ಮೈ ನುಣುಪಾಗಿಯೂ ಹೊಳಪಾಗಿಯೂ ಇರುತ್ತದೆ. ಹಳದಿ ಬೆರೆತ ಬೂದು ಬಣ್ಣದ ಮೇಲೆ ದೊಡ್ಡ ದೊಡ್ಡ ಕಂದು ಮಚ್ಚೆಗಳಿರುತ್ತವೆ. ಅವುಗಳ ಅಂಚು ಅಂಕುಡೊಂಕು, ಆಕಾರ ಒಂದರಂತೆ ಒಂದಿಲ್ಲ. ನೆತ್ತಿಯ ಮೇಲೆ ಈಟಿಯ ಮೊನೆಯಂತಹ ಗುರುತುಂಟು. ತುಟಿಯಂಚಿನ ಕುಳಿಗಳಿಂದ ಅದು ಕತ್ತಲಲ್ಲಿಯೂ ಬೇಟೆಯ ಮೈಬಿಸಿಯನ್ನು ಅರಿಯುತ್ತದೆ.

ಕೊಳಕುಮಂಡಲದ ಲಕ್ಷಣಗಳು: ಹುರುಪೆಗಳ ಮೇಲೆ ಏಣಿರುವುದರಿಂದ ಮೈ ದೊರಗು. ಬೆನ್ನಿನುದ್ದಕ್ಕೂ ಕಪ್ಪು ಅಂಚಿನ ಉರುಟು ಮಚ್ಚೆಗಳು ಮೂರು ಸಾಲಾಗಿ, ಸರಪಳಿಯಂತೆ ಕ್ರಮವಾಗಿ ಕಾಣುತ್ತವೆ. ತಲೆ ಮೂರು ಮೂಲೆಯದು, ಬಾಲ ಮೋಟು. ಕೆಣಕಿದರೆ ಸುತ್ತಿಕೊಂಡು ತಿದಿಯೊತ್ತಿದಂತೆ ಬುಸುಗುಟ್ಟುತ್ತದೆ. ಹೆಬ್ಬಾವೂ ಬುಸುಗುಟ್ಟಬಲ್ಲುದಾದುದರಿಂದ ಸದ್ದೊಂದನ್ನೇ ನಂಬತಕ್ಕದ್ದಲ್ಲ.

ಕೊಳಕುಮಂಡಲವು ಸಾಮಾನ್ಯವಾಗಿ ೪ ಅಡಿ ಉದ್ದ. ಐದೂವರೆ ಅಡಿಯನ್ನು ಮೀರುವುದು ಅಪರೂಪ. ಹೆಬ್ಬಾವಾದರೋ ೧೦ ಅಡಿಗೂ ಮಿಗಿಲಾಗಿ ಬೆಳೆಯುತ್ತದೆ. ಆದಕಾರಣ ದೊಡ್ಡ ಹೆಬ್ಬಾವಿನಲ್ಲಿ ಸಂಶಯಕ್ಕೆಡೆಯಿಲ್ಲ, ಮೋಸವಾಗುವುದು ಸಣ್ಣದರಲ್ಲಿ. ಬೆಟ್ಟದಲ್ಲಿ ದರಕು ಗುಡಿಸುವಾಗ ಇಂತಹ ಸಣ್ಣ ಮಚ್ಚೆಯ ಹಾವು ಕಂಡರೆ ಅದನ್ನು ಕೊಳಕುಮಂಡಲವೆಂದೇ ಎಣಿಸಿ ದೂರ ಸರಿಯಬೇಕು. ಗುರುತು ನೋಡುವುದಕ್ಕೋಸ್ಕರ ಎಂದಿಗೂ ಕೈಯಲ್ಲಿ ಎತ್ತಬಾರದು.

ಹೆಬ್ಬಾವಿಗೆ ವಿಷವಿಲ್ಲ. ಬೇಟೆಯನ್ನು ಹಲ್ಲಿನಿಂದ ಹಿಡಿದು, ಮೈಯಿಂದ ಸುತ್ತಿ, ಅಮುಕಿ ಕೊಲ್ಲುತ್ತದೆ. ಹೆಣ್ಣು ಹಲವು ಡಜನು ಮೊಟ್ಟೆಗಳನ್ನಿಟ್ಟು, ಅವುಗಳ ಸುತ್ತ ಸುರುಳಿಯಾಗಿ ಮಲಗಿ, ಸ್ನಾಯುಗಳನ್ನು ನಡುಗಿಸಿ ಶಾಖ ಕೊಡುತ್ತದೆ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಹಾವುಗಳಲ್ಲಿ ಇಂತಹ ತಾಯ್ತನವು ಬಹು ವಿರಳ.

ಇಲಿ, ಹೆಗ್ಗಣ, ಮೊಲ, ಹಂದಿಮರಿ ಮುಂತಾದುವು ಇದರ ಆಹಾರ. ಗದ್ದೆಯ ಭತ್ತಕ್ಕೂ ಕಣಜಕ್ಕೂ ಇವುಗಳಿಂದಾಗುವ ಹಾನಿಯನ್ನು ತಾವೇ ಬಲ್ಲಿರಿ. ಹೆಬ್ಬಾವು ಕೋಳಿ, ಆಡುಮರಿಗಳನ್ನೂ ಹಿಡಿಯುವುದು ನಿಜ. ಅದಕ್ಕೆ ಉಪಾಯವೆಂದರೆ ರಾತ್ರಿ ಅವುಗಳನ್ನು ಭದ್ರವಾಗಿ ಕೂಡಿಹಾಕುವುದು, ಕೊಟ್ಟಿಗೆಯ ಗೋಡೆಯ ಕಿಂಡಿಗಳನ್ನು ಮುಚ್ಚುವುದು, ಕಟ್ಟಿಗೆಯ ರಾಶಿಯನ್ನು ಮನೆಯಿಂದ ದೂರವಿಡುವುದು. ಹೊಟ್ಟೆ ತುಂಬಿದ ಹೆಬ್ಬಾವನ್ನು ಬಡಿದೆಬ್ಬಿಸಿದರೆ ನುಂಗಿದ್ದನ್ನು ಕಕ್ಕಿಬಿಡುತ್ತದೆ. ಅದರಿಂದ ಸತ್ತ ಆಡು ಬದುಕುವುದಿಲ್ಲ, ಹಾವಿಗೆ ಮಾತ್ರ ಹಿಂಸೆ. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಹೆಬ್ಬಾವನ್ನು ಕೊಲ್ಲುವುದೂ ಹಿಡಿದಿಡುವುದೂ ಅಪರಾಧ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಹೆಬ್ಬಾವು ಕಚ್ಚಿದರೆ ಹಿಂದಕ್ಕೆ ಬಾಗಿದ ಹಲ್ಲುಗಳಿಂದ ಗಾಯವಾಗುತ್ತದೆ. ಸಾಬೂನು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಯಾವ ಹಾವೆಂಬುದು ಸಂಶಯವಾಗಿದ್ದಲ್ಲಿ ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿಸಿಕೊಂಡವನನ್ನು ನಡೆಯಿಸದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಒಡನೆಯೇ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ಮಂತ್ರಕ್ಕೂ ಬೇರಿನ ಔಷಧಕ್ಕೂ ಕಳೆದ ಹೊತ್ತು ಮರಳಿ ಬಾರದು.

ಕೂಲಿಯಾಳುಗಳೂ ದನಗಾಹಿ ಹುಡುಗರೂ ಈ ಹಾವುಗಳನ್ನು ಮೊದಲು ಕಾಣುವವರು. ಆದುದರಿಂದ ಯಜಮಾನರು ಈ ಗುರುತುಗಳನ್ನು ತಾವು ತಿಳಿದುಕೊಂಡರೆ ಸಾಲದು. ದರಕಿನ ಕೆಲಸವು ಆರಂಭವಾಗುವ ಮೊದಲೇ ಅವರೆಲ್ಲರಿಗೂ ಮನಗಾಣಿಸಬೇಕೆಂದು ಕೋರುತ್ತೇನೆ.