ಹೊಸ್ತಿಲ ಮುಂದಿನ ರೇಖಾಗಣಿತ



ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನನ್ನು ಕರೆದು ಗಣಿತದ ಮೇಲೆ ನಾಲ್ಕು ಮಾತು ಆಡೆಂದಿದ್ದೀರಿ. ಕೂಡುವುದು ಕಳೆಯುವುದು ನನ್ನ ಹೊಟ್ಟೆಪಾಡು. ಆದರೆ ರೇಖಾಗಣಿತವೆಂದರೆ ಶಾಲೆಯಲ್ಲಿ ನನಗೆ ಎದೆ ನಡುಗುತ್ತಿತ್ತು. ಪ್ರಮೇಯಗಳನ್ನು ಗಿಳಿಪಾಠ ಮಾಡಿ ಪಾಸಾದವನು ನಾನು. ಬಿ.ಕಾಂ.ಗೆ ಸೇರಿದುದಕ್ಕೆ ಅದೂ ಒಂದು ಕಾರಣವೆಂದು ಇಂದು ಒಪ್ಪಿಕೊಂಡರೆ ನೀವು ನಗಬಾರದು.

ಕಳೆದ ಮಳೆಗಾಲದಲ್ಲಿ ಏಳನೆಯ ಇಯತ್ತೆಯ ನನ್ನ ಮಗಳೂ ಅದೇ ದಾರಿ ಹಿಡಿದಳು. ಒಂದು ಸಂಜೆ ಅವಳು ಪುಸ್ತಕದ ಮುಂದೆ ಕಣ್ಣೀರು ಹಾಕುತ್ತಿದ್ದಾಗ ಅವಳ ತಾಯಿ ಬಗ್ಗಿ ನೋಡಿದಳು. “ನಿನಗ ಇದು ತಿಳಿಯೂದಿಲ್ಲ ಬಿಡವ್ವಾ” ಎಂದಳು ಹುಡುಗಿ. ತಾಯಿ ಏನೂ ಅನ್ನದೆ ಒಳಗೆ ಹೋದಳು. ಆ ಮೌನ ನನ್ನನ್ನು ಬಹಳ ದಿನ ಚುಚ್ಚಿತು.

ಶಹಾಡಿನ ನಮ್ಮ ಬಾಡಿಗೆ ಮನೆಯ ಹೊಸ್ತಿಲ ಮುಂದೆ ಮೂರಡಿ ಜಾಗ. ಮುಂದಿನ ಭಾನುವಾರ ನನ್ನ ಮನೆಯಾಕೆ ಅಲ್ಲಿ ಏಳರಿಂದ ನಾಲ್ಕರ ರಂಗೋಲಿ ಹಾಕುತ್ತಿದ್ದಳು. ನಡುವೆ ಏಳು ಚುಕ್ಕಿ. ಮೇಲೂ ಕೆಳಗೂ ಆರು, ಐದು, ನಾಲ್ಕು. ಪ್ರತಿಯೊಂದು ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ. ಮಗಳನ್ನು ಕರೆದು ಎಣಿಸೆಂದೆ. 37 ಎಂದಳು. ಅಂಚಿನ ಚುಕ್ಕಿಗಳನ್ನು ಕೂಡಿಸಿದರೆ ಆರು ಸಮಬಾಹುಗಳ ಆಕೃತಿ. ನಟ್ಟನಡುವಿನ ಚುಕ್ಕಿಯ ಸುತ್ತ ಆರು ಚುಕ್ಕಿ, ಆರು ತ್ರಿಕೋನ. ಪೂರ್ತಿ ಸುತ್ತು 360 ಅಂಶ. ಹಾಗಾದರೆ ಒಂದೊಂದಕ್ಕೆ 60. ಕೋನಮಾಪಕವು ಕಂಪಾಸ್ ಡಬ್ಬಿಯಲ್ಲಿಯೇ ಮಲಗಿತ್ತು.

ಆಮೇಲೆ ಮಗಳು ತಾನೇ ಚುಕ್ಕಿ ಇಡಹೋದಳು. ಚುಕ್ಕಿಗಳ ನಡುವೆ ನಾಲ್ಕು ಬೆರಳು, ಸಾಲುಗಳ ನಡುವೆಯೂ ನಾಲ್ಕು ಬೆರಳು ಬಿಟ್ಟಳು. ಆಕೃತಿ ಉದ್ದಕ್ಕೆ ಜಗ್ಗಿದಂತಾಯಿತು. “ಸಾಲು ಸ್ವಲ್ಪ ಬಿಗಿ ಹಿಡೀಬೇಕವ್ವ, ಮೂರೂವರಿ ಬೆರಳ ಸಾಕು” ಎಂದಳು ತಾಯಿ. ನಾನು ಬೆರಗಾದೆ. ಬಾಹು ನಾಲ್ಕಾದ ಸಮಬಾಹು ತ್ರಿಕೋನದ ಎತ್ತರವನ್ನು ಪೈಥಾಗೊರಸನ ಪ್ರಮೇಯದಿಂದ ತೆಗೆಯಿರಿ: 16ರಲ್ಲಿ 4 ಕಳೆದರೆ 12, ಅದರ ವರ್ಗಮೂಲ ಮೂರೂವರೆಗೆ ತುಸು ಕಡಮೆ. ಪುಸ್ತಕದಲ್ಲಿ ನಮ್ಮಿಬ್ಬರನ್ನೂ ಅಳಿಸಿದ ಪ್ರಮೇಯ ಆಕೆಯ ಬೆರಳಿನಲ್ಲಿತ್ತು! “ಯಾರು ಕಲಿಸಿದ್ರವ್ವಾ?” ಎಂದು ಮಗಳು ಕೇಳಿದಳು. “ನಮ್ಮವ್ವ.” ಅಷ್ಟೇ ಉತ್ತರ.

ಅಳೆದುದೆಲ್ಲ ಸಾಧನೆಯಾಗದು ಎಂದು ಮಾಸ್ತರರು ಹೇಳುವರು. ನಿಜ, ಕೈ ಕಂಡುದನ್ನು ತರ್ಕದಿಂದ ಸಾಧಿಸಬೇಕು. ಆದರೆ ಏನನ್ನು ಸಾಧಿಸುತ್ತಿದ್ದೇವೆಂದೇ ಕಾಣದ ಮಗುವಿಗೆ ಸಾಧನೆ ಯಾವ ಕೆಲಸಕ್ಕೆ ಬಂದೀತು?

ನಮ್ಮ ಪೂರ್ವಿಕರಿಗೆ ಈ ಸಂಕೋಚ ಇರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಜವೆಯ ಕಾಳು, ಮೃದಂಗ, ವಜ್ರ ಇವುಗಳ ಆಕಾರದ ಕ್ಷೇತ್ರಗಳಿಗೆ ಲೆಕ್ಕ ಹೇಳಿದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ‘ಕ್ಷೇತ್ರಗಣಿತ’ ಬರೆದ. ಇನ್ನು 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ. ಆತ ಬಿಜಾಪುರದವನೆಂದು ನಾವು, ಚಾಳೀಸಗಾವ್ ಬಳಿಯ ಪಾಟಣದವನೆಂದು ಇಲ್ಲಿಯವರು. ಕಲ್ಯಾಣದಿಂದ ನಮ್ಮ ಶಹಾಡ್ ದಾಟಿ ಹೋಗುವ ಹಳಿಯೇ ಚಾಳೀಸಗಾವನ್ನೂ ಮುಟ್ಟುತ್ತದೆ. ಆತನ ಗ್ರಂಥಗಳನ್ನು ಓದಿಸಲು ಮೊಮ್ಮಗ ಚಂಗದೇವ ಮಠ ಸ್ಥಾಪಿಸಿದುದನ್ನು ಪಾಟಣದ 1207ರ ಶಾಸನ ಹೇಳುತ್ತದೆ. ಜಗಳ ಹಾಗೇ ಇರಲಿ, ಲೆಕ್ಕ ಇಬ್ಬರದೂ.

‘ಲೀಲಾವತಿ’ಯ ಒಂದು ಲೆಕ್ಕವನ್ನು ನಾವು ಗಚ್ಚಿನ ಮೇಲೆ ದಾರ ಹಿಡಿದು ಆಡಿದೆವು. ಒಂಬತ್ತು ಮೊಳದ ಕಂಬದ ತುದಿಯಲ್ಲಿ ನವಿಲು. ಬುಡದಲ್ಲಿ ಹಾವಿನ ಹುತ್ತ. 27 ಮೊಳ ದೂರದಿಂದ ಹಾವು ಹುತ್ತಕ್ಕೆ ಬರುತ್ತಿದೆ. ಎರಡೂ ಸಮದೂರ ಸಾಗಿದರೆ ನವಿಲು ಅದನ್ನು ಹಿಡಿಯುವುದೆಲ್ಲಿ? ಮೊಳಕ್ಕೆ ಒಂದು ಗೇಣೆಂದು ಅಳೆದೆವು. ಮಗಳು ದಾರ ಸರಿಸುತ್ತ ಸರಿಸುತ್ತ ಹುತ್ತದಿಂದ ಹನ್ನೆರಡಕ್ಕೆ ನಿಂತಳು. ಎರಡು ಕಡೆಗೂ ಹದಿನೈದು. ಎದುರು ಕಟ್ಟಡದ ಗೌಂಡಿ ಮೂಲೆ ಸರಿ ನೋಡಲು ಮೂರು, ನಾಲ್ಕು, ಐದು ಅಡಿಗೆ ದಾರ ಹಿಡಿಯುವುದನ್ನು ಅವಳು ಕಂಡಿದ್ದಳು. “ಅಪ್ಪಾ, ಇದು ಅವನ ತ್ರಿಕೋನನೇ, ಮೂರು ಪಟ್ಟು ದೊಡ್ಡದು” ಎಂದಳು. ನನಗೆ ಅದು ಹೊಳೆದಿರಲಿಲ್ಲ.

ನಮ್ಮ ಸಂಘದ ಮಕ್ಕಳಿಗಾಗಿ ತಿಂಗಳಿಗೊಂದು ಭಾನುವಾರ ಇಂಥದೊಂದು ತರಗತಿ ನಡೆಸೋಣವೆಂದು ನನ್ನ ಅರಿಕೆ. ರಂಗೋಲಿ ಹುಡಿ, ದಾರ, ಕಡ್ಡಿ ತರುವ ಹೊಣೆ ನನ್ನದು. ಕಲಿಸಲು ನನ್ನ ಮನೆಯಾಕೆ ಒಪ್ಪಿದ್ದಾಳೆ. ಸಭೆಯಲ್ಲಿರುವ ತಾಯಂದಿರು ನಾಲ್ಕು ಜನರಾದರೂ ಜೊತೆಗೆ ಕುಳಿತರೆ ಮಾತ್ರ ಎಂಬ ಕರಾರಿನ ಮೇಲೆ.