ಗುಪ್ತಪದ ಮತ್ತು ನಮ್ಮ ಕುಟುಂಬ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಾಹಿತ್ಯ ಸಂಗೀತಗಳ ವಿಚಾರವನ್ನು ಕೇಳಿ ರೂಢಿಯಾಗಿರುವ ಈ ಸಭೆಯಲ್ಲಿ ಗಣಕಯಂತ್ರದ ಗುಪ್ತಪದವನ್ನು ಕುರಿತು ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ವಿಷಯ ಶುಷ್ಕವೆಂದು ತೋರಬಹುದು. ಆದರೆ ನಮ್ಮ ಉಳಿತಾಯ, ವೈದ್ಯಕೀಯ ದಾಖಲೆಗಳು, ಮಕ್ಕಳ ಭಾವಚಿತ್ರಗಳು, ಊರಿನಲ್ಲಿರುವ ತಂದೆತಾಯಿಗಳಿಗೆ ಕಳುಹಿಸುವ ಹಣ, ಇವೆಲ್ಲವೂ ಇಂದು ಕೆಲವೇ ಅಕ್ಷರಗಳ ಕಾವಲಿನಲ್ಲಿವೆ. ಪಾಸ್‌ವರ್ಡ್ ಎಂದು ನಾವು ನಿತ್ಯ ಕರೆಯುವ ಆ ಅಕ್ಷರಗಳ ಸರವೇ ಗುಪ್ತಪದ. ಈ ಸಂದರ್ಭದಲ್ಲಿ ನಾವು ನಿವೇದಿಸಬೇಕೆಂದಿರುವುದು ಒಂದೇ ಮಾತು. ಗುಪ್ತಪದವು ಒಬ್ಬೊಬ್ಬರ ಸ್ವಂತ ವಿಚಾರವೆಂಬ ಭಾವನೆ ಸರಿಯಲ್ಲ. ಅದು ಇಡೀ ಕುಟುಂಬದ ವಿಚಾರ. ಕಳ್ಳರು ಒಳಗೆ ಬಾರದಂತೆ ನೋಡಿಕೊಳ್ಳುವುದು ಎಷ್ಟು ಮುಖ್ಯವೋ, ನಮ್ಮವರೇ ಹೊರಗೆ ಉಳಿಯದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಮೊದಲು ತುಸು ಇತಿಹಾಸ. ಅನೇಕರು ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ನಿರ್ಮಿಸಿತು. ಒಬ್ಬರ ಕಡತವನ್ನು ಮತ್ತೊಬ್ಬರು ತೆರೆಯದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದವನ್ನು ಕೊಡಲಾಯಿತು. ತನಗೆ ಗೊತ್ತುಪಡಿಸಿದ್ದ ಯಂತ್ರದ ವೇಳೆ ಸಾಲದೆಂದು ಅಲನ್ ಶೆರ್ ಎಂಬ ಸಂಶೋಧಕ 1962ರಲ್ಲಿ ಎಲ್ಲರ ಗುಪ್ತಪದಗಳಿದ್ದ ಕಡತವನ್ನೇ ಅಚ್ಚುಹಾಕಿಸಿ ತೆಗೆದುಕೊಂಡ. ಬೀಗ ಹುಟ್ಟಿದ ಬೆನ್ನಲ್ಲೇ ಕಳ್ಳಗೀಲಿಯೂ ಹುಟ್ಟಿತೆಂದು ಹೇಳಬಹುದು. 1979ರಲ್ಲಿ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ ಅವರು 3,289 ಗುಪ್ತಪದಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ತೀರ ಚಿಕ್ಕವು ಅಥವಾ ಸುಲಭವಾಗಿ ಊಹಿಸಬಹುದಾದವು ಎಂದು ತೋರಿಸಿದರು. ಮೂವತ್ತು ವರ್ಷಗಳ ಬಳಿಕ, 2009ರಲ್ಲಿ, ರಾಕ್‌ಯೂ ಎಂಬ ಸಂಸ್ಥೆಯಿಂದ 3 ಕೋಟಿಗೂ ಹೆಚ್ಚು ಗುಪ್ತಪದಗಳು ಬಯಲಾದಾಗ, ಅವುಗಳಲ್ಲಿ ಅತಿ ಹೆಚ್ಚು ಜನ ಬಳಸಿದ್ದುದು 123456 ಎಂಬುದೇ ಆಗಿತ್ತು. ಯಂತ್ರಗಳು ಬದಲಾದವು, ಮನುಷ್ಯನ ಸ್ವಭಾವ ಬದಲಾಗಲಿಲ್ಲ.

ಈ ಪ್ರಸಂಗಗಳು ನಮಗೆ ಎರಡು ಪಾಠಗಳನ್ನು ಕಲಿಸುತ್ತವೆ. ಸುಲಭವಾದುದನ್ನು ಯಾರಾದರೂ ಊಹಿಸುತ್ತಾರೆ ಎಂಬುದು ಒಂದು. ನಾವು ಎಷ್ಟೇ ಎಚ್ಚರದಿಂದಿದ್ದರೂ ನಮ್ಮ ಗುಪ್ತಪದವನ್ನು ಇಟ್ಟುಕೊಂಡಿರುವ ಸಂಸ್ಥೆಯ ಉಗ್ರಾಣವೇ ಸೂರೆಯಾಗಬಹುದು ಎಂಬುದು ಇನ್ನೊಂದು.

ಮೊದಲನೆಯ ಪಾಠದಲ್ಲಿ ಕನ್ನಡಿಗರಾದ ನಮಗೆ ಒಂದು ವಿಶೇಷ ತೊಡಕಿದೆ. ಗುಪ್ತಪದ ಮರೆತವರಿಗೆ ಕೆಲವು ಸಂಸ್ಥೆಗಳು ಪ್ರಶ್ನೆಗಳನ್ನು ಕೇಳುತ್ತವೆ: ತಾವು ಹುಟ್ಟಿದ ಊರು ಯಾವುದು? ತಂದೆಯ ಹೆಸರೇನು? ನಮ್ಮಲ್ಲಿ ಅನೇಕರ ಹೆಸರಿನ ಹಿಂದೆಯೇ ಊರಿನ ಹೆಸರೂ ತಂದೆಯ ಹೆಸರೂ ಕುಳಿತಿರುತ್ತವೆ. ಮದುವೆಯ ಕರೆಯೋಲೆಯಲ್ಲಿ ಅಜ್ಜ ಅಜ್ಜಿಯರ ಹೆಸರು ಸಹಿತ ವಂಶಾವಳಿಯೇ ಅಚ್ಚಾಗಿರುತ್ತದೆ; ಆ ಕರೆಯೋಲೆ ಇಂದು ನೂರಾರು ಮೊಬೈಲುಗಳಿಗೆ ತಲುಪುತ್ತದೆ. ಹೀಗಿರುವಾಗ ಉತ್ತರವನ್ನು ಕದಿಯಬೇಕಾದ ಅಗತ್ಯವೇ ಇಲ್ಲ, ನಾವೇ ಹಂಚಿರುತ್ತೇವೆ. ಮನೆದೇವರ ಹೆಸರು, ಮಗುವಿನ ಹುಟ್ಟಿದ ದಿನ, ಮೈಸೂರಿನ ಮನೆಯ ಸಂಖ್ಯೆ ಇವುಗಳೂ ಹಾಗೆಯೇ. ಇಂತಹ ಪ್ರಶ್ನೆಗಳಿಗೆ ನಿಜವಾದ ಉತ್ತರವನ್ನೇ ಕೊಡಬೇಕೆಂಬ ನಿಯಮವೇನೂ ಇಲ್ಲ. ಹುಟ್ಟಿದ ಊರು ಹಾಸನವಾಗಿದ್ದರೂ ಸಂಬಂಧವಿಲ್ಲದ ಬೇರೊಂದು ಪದವನ್ನು ಕೊಟ್ಟು, ಅದನ್ನು ಬರೆದಿಟ್ಟುಕೊಂಡರೆ ಸಾಕು.

ಎರಡನೆಯ ಪಾಠ ಇನ್ನೂ ಗಂಭೀರವಾದುದು. ಒಂದೇ ಗುಪ್ತಪದವನ್ನು ಹತ್ತು ಕಡೆ ಬಳಸುವವರ ಸಂಖ್ಯೆ ಬಹಳ. ಒಂದು ಕಡೆ ಬಯಲಾದುದನ್ನು ಕಳ್ಳರು ಉಳಿದ ಒಂಬತ್ತು ಕಡೆಯೂ ಪ್ರಯತ್ನಿಸುತ್ತಾರೆ. ಇದನ್ನು ಯಂತ್ರಗಳೇ ಕ್ಷಣಾರ್ಧದಲ್ಲಿ ಮಾಡುತ್ತವೆ. ವಂಶವಾಹಿಗಳನ್ನು ಪರೀಕ್ಷಿಸಿ ಬಂಧುಗಳನ್ನು ಗುರುತಿಸಿಕೊಡುವ ಟ್ವೆಂಟಿತ್ರೀ ಅಂಡ್ ಮಿ ಎಂಬ ಅಮೆರಿಕದ ಸಂಸ್ಥೆಯಲ್ಲಿ 2023ರಲ್ಲಿ ನಡೆದುದು ಇದೇ. ಬೇರೆಡೆ ಬಯಲಾಗಿದ್ದ ಗುಪ್ತಪದಗಳಿಂದ ಸುಮಾರು 14,000 ಖಾತೆಗಳನ್ನು ತೆರೆಯಲಾಯಿತು. ಆ ಖಾತೆಗಳ ಮೂಲಕ ಬಂಧುತ್ವದ ಎಳೆ ಹಿಡಿದು ಸುಮಾರು 69 ಲಕ್ಷ ಜನರ ಮಾಹಿತಿಯನ್ನು ದೋಚಲಾಯಿತು. ಆ 69 ಲಕ್ಷ ಜನರಲ್ಲಿ ಹೆಚ್ಚಿನವರು ತಮ್ಮ ಗುಪ್ತಪದವನ್ನು ಭದ್ರವಾಗಿಯೇ ಇಟ್ಟಿದ್ದಿರಬಹುದು. ದೂರದ ದಾಯಾದಿಯೊಬ್ಬರ ಅಜಾಗರೂಕತೆಯಿಂದ ಅವರ ವಿವರವೂ ಹೋಯಿತು. ಗುಪ್ತಪದ ಕುಟುಂಬದ ವಿಚಾರವೆಂದು ನಾವು ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗಾದರೆ ಒಳ್ಳೆಯ ಗುಪ್ತಪದ ಯಾವುದು? ದೊಡ್ಡಕ್ಷರ, ಅಂಕಿ, ಚಿಹ್ನೆಗಳನ್ನು ಬೆರೆಸಬೇಕು, ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು ಎಂಬ ಉಪದೇಶವನ್ನು ನಾವೆಲ್ಲರೂ ಕಚೇರಿಗಳಲ್ಲಿ ಕೇಳಿದ್ದೇವೆ. ಅದರ ಮೂಲಗಳಲ್ಲೊಂದು ಅಮೆರಿಕ ಸರ್ಕಾರದ ಮಾನಕ ಸಂಸ್ಥೆಗಾಗಿ 2003ರಲ್ಲಿ ಬಿಲ್ ಬರ್ ಎಂಬುವರು ಸಿದ್ಧಪಡಿಸಿದ ಸೂಚನೆ. ಅವರೇ 2017ರಲ್ಲಿ ಅದಕ್ಕಾಗಿ ವಿಷಾದ ಸೂಚಿಸಿದರು. ಪದೇ ಪದೇ ಬದಲಾಯಿಸಬೇಕಾದವರು ಕೊನೆಯ ಅಂಕಿಯೊಂದನ್ನು ಮಾತ್ರ ಹೆಚ್ಚಿಸುತ್ತಾ ಹೋಗುತ್ತಾರೆ; ಕಳ್ಳರಿಗೆ ಅದೂ ಗೊತ್ತು. ಅದೇ ಸಂಸ್ಥೆ 2017ರಲ್ಲಿ ತನ್ನ ನಿಯಮಗಳನ್ನು ತಿದ್ದಿ, ಗುಪ್ತಪದ ಬಯಲಾಗಿದೆಯೆಂಬ ಸುಳಿವಿಲ್ಲದೆ ಸುಮ್ಮನೆ ಬದಲಾಯಿಸುವಂತೆ ಒತ್ತಾಯಿಸಬಾರದೆಂದು ಹೇಳಿತು. ಇಂದಿನ ತಜ್ಞರು ಒತ್ತು ಕೊಡುವುದು ಉದ್ದಕ್ಕೆ.

ಉದ್ದವಾದುದನ್ನು ನೆನಪಿಡುವುದು ಹೇಗೆ? ಆರ್ನಾಲ್ಡ್ ರೈನ್‌ಹೋಲ್ಡ್ ಎಂಬುವರು 1995ರಲ್ಲಿ ಒಂದು ಸರಳ ಉಪಾಯವನ್ನು ಕೊಟ್ಟರು. 7,776 ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ದಾಳವನ್ನು ಐದು ಬಾರಿ ಉರುಳಿಸಿ, ಬಂದ ಅಂಕಿಗಳ ಮುಂದಿರುವ ಪದವನ್ನು ಆರಿಸಬೇಕು. ಹೀಗೆ ಐದು ಪದಗಳನ್ನು ಆರಿಸಿದರೆ, ಸಾಧ್ಯವಿರುವ ಜೋಡಣೆಗಳ ಸಂಖ್ಯೆ 28ರ ಮುಂದೆ 18 ಸೊನ್ನೆಗಳನ್ನು ಬರೆದಷ್ಟಾಗುತ್ತದೆ. ಮನೆಯಲ್ಲಿ ಕನ್ನಡ ನಿಘಂಟು ಇದ್ದವರು ಅದೇ ತತ್ತ್ವವನ್ನು ಅನುಸರಿಸಬಹುದು. ಪುಟದ ಸಂಖ್ಯೆಯನ್ನೂ ಸಾಲಿನ ಸಂಖ್ಯೆಯನ್ನೂ ದಾಳವೇ ನಿರ್ಧರಿಸಲಿ, ನಾವು ಆರಿಸುವುದು ಬೇಡ. ಸೌಟು, ಮುಂಗುಸಿ, ಏಣಿ, ಬೆಲ್ಲ, ತಿಗರಿ ಎಂಬಂತೆ ಒಂದಕ್ಕೊಂದು ಸಂಬಂಧವಿಲ್ಲದ ಪದಗಳು ಬಂದರೆ, ಅವನ್ನು ಇಂಗ್ಲಿಷ್ ಲಿಪಿಯಲ್ಲಿ ಒತ್ತಬಹುದು. ಮುಂಗುಸಿ ಏಣಿ ಹತ್ತಿ ಬೆಲ್ಲ ಕದ್ದ ಕಥೆಯನ್ನು ಮಕ್ಕಳೇ ಕಟ್ಟಿ ನೆನಪಿಡುತ್ತಾರೆ. ಜನಪ್ರಿಯ ಹಾಡಿನ ಸಾಲು ಮತ್ತು ಗಾದೆಗಳು ಮಾತ್ರ ಬೇಡ. ಅವು ಎಲ್ಲರಿಗೂ ಗೊತ್ತು. ಈ ಸಭೆಯಲ್ಲಿ ಹೇಳಿದ ಐದು ಪದಗಳೂ ಬೇಡ!

ನೂರು ಖಾತೆಗಳಿಗೆ ನೂರು ಕಥೆಗಳನ್ನು ನೆನಪಿಡಲು ಸಾಧ್ಯವಿಲ್ಲ, ನಿಜ. ಅದಕ್ಕಾಗಿ ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಕೀಪಾಸ್ ಮೊದಲಾದ ಗುಪ್ತಪದ ಭಂಡಾರಗಳಿವೆ. ಒಂದು ಮುಖ್ಯ ಗುಪ್ತಪದವನ್ನು ನೆನಪಿಟ್ಟರೆ ಉಳಿದವನ್ನು ಭಂಡಾರವೇ ಸೃಷ್ಟಿಸಿ ಕಾಪಾಡುತ್ತದೆ. ಆ ಮುಖ್ಯಪದ ಮಾತ್ರ ಬಲವಾಗಿರಬೇಕು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಸಂಸ್ಥೆಯಿಂದ ಗ್ರಾಹಕರ ಬೀಗ ಹಾಕಿದ ಭಂಡಾರಗಳೇ ಕಳುವಾದವು. ಆಗ ಹೆಚ್ಚಿನ ಅಪಾಯಕ್ಕೆ ಒಳಗಾದವರು ಮುಖ್ಯಪದ ದುರ್ಬಲವಾಗಿದ್ದವರು. ಯಂತ್ರದ ಸಹವಾಸ ಬೇಡವೆನ್ನುವ ಹಿರಿಯರು ಒಂದು ನೋಟ್‌ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟರೂ ತಪ್ಪಲ್ಲ. ಸಾವಿರಾರು ಮೈಲಿ ದೂರದ ಕಳ್ಳನ ಕೈ ನಮ್ಮ ಬೀರುವಿಗೆ ಎಟುಕದು. ವಾಟ್ಸ್‌ಆಪ್ ಸಂದೇಶದಲ್ಲಿ ಕಳುಹಿಸುವುದು, ಯಂತ್ರದ ಮೇಲೆ ಚೀಟಿ ಅಂಟಿಸುವುದು ಸಲ್ಲದು.

ಬೀಗದ ಮೇಲೊಂದು ಅಗುಳಿಯಂತೆ, ಗುಪ್ತಪದದ ಜೊತೆಗೆ ಎರಡನೆಯ ಪುರಾವೆಯನ್ನು ಕೇಳುವ ಏರ್ಪಾಡನ್ನು ಮಿಂಚಂಚೆ ಮತ್ತು ಬ್ಯಾಂಕಿನ ಖಾತೆಗಳಿಗೆ ತಪ್ಪದೆ ಮಾಡಿಕೊಳ್ಳಬೇಕು. ಇದರಲ್ಲಿ ಮಿಂಚಂಚೆಗೇ ಮೊದಲ ಸ್ಥಾನ, ಏಕೆಂದರೆ ಉಳಿದ ಖಾತೆಗಳ ಗುಪ್ತಪದ ಮರೆತಾಗ ಹೊಸದನ್ನು ಪಡೆಯುವ ದಾರಿ ಅಲ್ಲಿಗೇ ಬರುತ್ತದೆ. ಭಾರತದ ಬ್ಯಾಂಕುಗಳಲ್ಲಿ ಖಾತೆಯುಳ್ಳವರು ಅಲ್ಲಿಯ ಮೊಬೈಲ್ ಸಂಖ್ಯೆಯನ್ನು ಜೀವಂತವಾಗಿಟ್ಟುಕೊಳ್ಳಬೇಕು. ಬಹುಕಾಲ ಬಳಸದ ಸಂಖ್ಯೆ ರದ್ದಾಗಿ, ಮುಂದೆ ಬೇರೊಬ್ಬರ ಪಾಲಾಗಬಹುದು. ಆಗ ನಮ್ಮ ಓ.ಟಿ.ಪಿ. ಅವರ ಕೈಗೆ ಹೋಗುತ್ತದೆ.

ಊರಿನಲ್ಲಿರುವ ಹಿರಿಯರಿಗಂತೂ ಈ ಓ.ಟಿ.ಪಿ.ಯೇ ದೊಡ್ಡ ಗಂಡಾಂತರ. ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿಕೊಂಡು ಕರೆ ಮಾಡುವವರಿಗೆ ಅವರು ಗೌರವದಿಂದಲೇ ಉತ್ತರಿಸುತ್ತಾರೆ. ವಾರಕ್ಕೊಮ್ಮೆ ಮಾತನಾಡುವಾಗ, ಯಾರು ಕೇಳಿದರೂ ಆ ಅಂಕಿಗಳನ್ನು ಹೇಳಬೇಡಿರೆಂದು ಪ್ರೀತಿಯಿಂದ ನೆನಪಿಸಬೇಕು. ವಂಚನೆ ನಡೆದೇಬಿಟ್ಟರೆ ಭಾರತದಲ್ಲಿ 1930 ಎಂಬ ಸಹಾಯವಾಣಿಗೆ ಕೂಡಲೇ ಕರೆ ಮಾಡಬೇಕು. ಮಗನ ಅಥವಾ ಮಗಳ ದನಿಯನ್ನೇ ಯಂತ್ರದಿಂದ ಅನುಕರಿಸಿ, ಅಪಘಾತವಾಗಿದೆ, ಹಣ ಕಳುಹಿಸಿರೆಂದು ಕೇಳುವ ವಂಚಕರೂ ಈಗ ಇದ್ದಾರೆ. ಮನೆಯವರಿಗೆ ಮಾತ್ರ ತಿಳಿದ ಒಂದು ಪದವನ್ನು ಗೊತ್ತುಮಾಡಿಕೊಳ್ಳಿರೆಂದು ಅಮೆರಿಕದ ಎಫ್.ಬಿ.ಐ. 2024ರ ಡಿಸೆಂಬರ್‌ನಲ್ಲಿ ಸಲಹೆ ನೀಡಿತು. ಕನ್ನಡದ ಪದವೊಂದು ಅದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಕೊನೆಯದಾಗಿ, ಶುಭಕಾರ್ಯಗಳ ನಡುವೆ ಯಾರೂ ಎತ್ತದ ಮಾತೊಂದನ್ನು ಎತ್ತಬೇಕಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೀಫನ್ ಥಾಮಸ್ ಎಂಬ ತಂತ್ರಜ್ಞರು ಒಂದು ಗುಪ್ತಪದವನ್ನು ಬರೆದಿಟ್ಟ ಚೀಟಿ ಕಳೆದುಹೋಗಿ 7,002 ಬಿಟ್‌ಕಾಯಿನ್‌ಗಳನ್ನು ಮುಟ್ಟಲಾಗದೆ ಹೋದರೆಂದು 2021ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅವರಾದರೂ ಸ್ವತಃ ಇದ್ದರು, ನೆನಪಿಸಿಕೊಳ್ಳಲು ಯತ್ನಿಸಬಹುದಾಗಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಬ್ಯಾಂಕು, ವಿಮೆ, ತೆರಿಗೆಗಳ ವ್ಯವಹಾರವೆಲ್ಲ ದಂಪತಿಗಳಲ್ಲಿ ಒಬ್ಬರದೇ. ಆ ಒಬ್ಬರಿಗೆ ಅಕಸ್ಮಾತ್ ಏನಾದರೂ ಆದರೆ, ಬಂಧುಬಳಗದಿಂದ ದೂರವಿರುವ ಈ ನೆಲದಲ್ಲಿ ಉಳಿದವರು ದುಃಖದ ಜೊತೆಗೆ ಮುಚ್ಚಿದ ಬಾಗಿಲುಗಳನ್ನೂ ಎದುರಿಸಬೇಕಾಗುತ್ತದೆ. ಇದಕ್ಕೂ ದಾರಿಗಳಿವೆ. ಖಾತೆ ಬಹುಕಾಲ ನಿಷ್ಕ್ರಿಯವಾದರೆ ಅದರ ವಿವರ ಯಾರಿಗೆ ತಲುಪಬೇಕೆಂದು ಸೂಚಿಸುವ ಅವಕಾಶವನ್ನು ಗೂಗಲ್ 2013ರಿಂದಲೂ, ಉತ್ತರಾಧಿಕಾರಿಯೊಬ್ಬರನ್ನು ಹೆಸರಿಸುವ ಅವಕಾಶವನ್ನು ಆಪಲ್ 2021ರಿಂದಲೂ ಕೊಟ್ಟಿವೆ. ಯಾವ ಯಾವ ಖಾತೆಗಳಿವೆ ಎಂಬ ಪಟ್ಟಿಯನ್ನೂ ಭಂಡಾರದ ಮುಖ್ಯಪದವನ್ನೂ ಲಕೋಟೆಯಲ್ಲಿ ಮುಚ್ಚಿ, ಉಯಿಲಿನ ಜೊತೆಗಿಟ್ಟು, ಇಟ್ಟ ಸ್ಥಳವನ್ನು ಸಂಗಾತಿಗೆ ತಿಳಿಸಬೇಕು. ಬ್ಯಾಂಕಿನಲ್ಲಿ ನಾಮನಿರ್ದೇಶನವನ್ನೂ ಮಾಡಿಸಿಡಬೇಕು. ಇದು ಅಶುಭದ ಮಾತಲ್ಲ, ಗೃಹಸ್ಥಧರ್ಮದ ಮಾತು.

ನಮ್ಮ ಅಜ್ಜಿಯರು ಬೀಗದ ಕೈ ಗೊಂಚಲನ್ನು ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಿದ್ದರು. ಹೊರಗಿನವರಿಗೆ ಅದು ಸಿಗುತ್ತಿರಲಿಲ್ಲ, ಆದರೆ ಅದು ಎಲ್ಲಿದೆಯೆಂದು ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಆ ವಿವೇಕ ಇಂದಿಗೂ ಸಲ್ಲುತ್ತದೆ. ಬರುವ ಭಾನುವಾರ ಒಂದು ಗಂಟೆಯ ವೇಳೆಯನ್ನು ತೆಗೆದಿಟ್ಟು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಮೊದಲು ಮಿಂಚಂಚೆಯ ಗುಪ್ತಪದವನ್ನು ಸರಿಪಡಿಸಿ, ಆಮೇಲೆ ಲಕೋಟೆಯನ್ನು ಸಿದ್ಧಪಡಿಸಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇವೆ.