ಬೀರುವಿನ ಬೀಗ ಮತ್ತು ಪೆನ್‌ಡ್ರೈವ್
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘವನ್ನು ಹೊಗಳಿ ಕೂತುಕೊಳ್ಳುವುದು ವಾಡಿಕೆ. ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ಸಣ್ಣ ವಸ್ತುವಿನ ವಿಚಾರ ಹೇಳ್ತೀನಿ, ಅದೇ ಪೆನ್‌ಡ್ರೈವ್. ನಮ್ಮ ಚನ್ನಪಟ್ಟಣದ ಬೊಂಬೆಗಾಡಿಯ ಚಕ್ರದಷ್ಟೂ ದಪ್ಪ ಇಲ್ಲ. ಆದರೆ ಇಡೀ ಸಂಘ ಅದರೊಳಗೆ ಕೂತಿರುತ್ತದೆ.

ಹಿಂದೆ ಲೆಡ್ಜರುಗಳು ಬೀರುವಿನಲ್ಲಿರುತ್ತಿದ್ದವು. ಕದಿಯಬೇಕಾದರೆ ಬೀಗ ಒಡೆಯಬೇಕು, ಹೊರಲು ಇಬ್ಬರು ಬೇಕು. ಕದ್ದರೂ ಸಿಗುವುದೇನು? ಯಾರ ಮನೆಯ ಹಾಲು ಎಷ್ಟು ಲೀಟರು, ಫ್ಯಾಟ್ ಎಷ್ಟು, ಅಷ್ಟೇ. ಈಗ ಪ್ರೋತ್ಸಾಹಧನ ನೇರವಾಗಿ ಖಾತೆಗೆ ಬರುವುದರಿಂದ ಬ್ಯಾಂಕ್ ಖಾತೆ, ಆಧಾರ್, ಮೊಬೈಲ್ ನಂಬರು ಎಲ್ಲವನ್ನೂ ಸಂಘ ಇಟ್ಟುಕೊಳ್ಳಬೇಕಾಗಿದೆ. ಆ ಪಟ್ಟಿ ಸಿಕ್ಕಿದವನು ಫೋನ್ ಮಾಡಿ ನಿಮ್ಮ ಹೆಸರು, ಖಾತೆ ನಂಬರು ತಪ್ಪಿಲ್ಲದೆ ಹೇಳಿದರೆ, ಬ್ಯಾಂಕಿನವನೇ ಅಂತ ನಂಬದೆ ಇರುವವರು ಯಾರು? ಕೇಳಿದ ಕೂಡಲೇ ಓಟಿಪಿ ಕೊಟ್ಟೇಬಿಡ್ತಾರೆ.

ನಾವು ಹಳ್ಳಿಯವರು ಮಾತ್ರ ಅಜಾಗರೂಕರು ಅಂದುಕೊಳ್ಳಬೇಡಿ. ಜಪಾನಿನ ಅಮಗಾಸಾಕಿ ನಗರದಲ್ಲಿ 2022ರ ಜೂನ್ ತಿಂಗಳಲ್ಲಿ ಗುತ್ತಿಗೆ ನೌಕರನೊಬ್ಬ ಸುಮಾರು 4 ಲಕ್ಷ 60 ಸಾವಿರ ನಿವಾಸಿಗಳ ವಿವರವಿದ್ದ ಪೆನ್‌ಡ್ರೈವನ್ನು ಬ್ಯಾಗಿನಲ್ಲಿಟ್ಟುಕೊಂಡು ಕುಡಿಯಲು ಹೋದ. ದಾರಿಯಲ್ಲೇ ಮಲಗಿಬಿಟ್ಟ, ಎದ್ದಾಗ ಬ್ಯಾಗಿಲ್ಲ. ಪುಣ್ಯಕ್ಕೆ ಮಾಹಿತಿಗೆ ಪಾಸ್‌ವರ್ಡಿನ ಬೀಗವಿತ್ತು, ಬ್ಯಾಗೂ ಸಿಕ್ಕಿತು. ತಮಾಷೆ ನೋಡಿ, ಅಧಿಕಾರಿಗಳು ಪತ್ರಕರ್ತರ ಮುಂದೆ ಆ ಪಾಸ್‌ವರ್ಡು ಎಷ್ಟು ಅಕ್ಷರದ್ದು ಅಂತಲೂ ಹೇಳಿಬಿಟ್ಟರು!

ಅಂಥ ಬೀಗ ನಮಗೂ ಸಿಗುತ್ತದೆ. ವಿಂಡೋಸ್ ಪ್ರೊ ಇರುವ ಕಂಪ್ಯೂಟರಿನಲ್ಲಿ ಬಿಟ್‌ಲಾಕರ್ ಎಂಬ ಸೌಲಭ್ಯ ಇದ್ದೇ ಇದೆ, ಬೇರೆ ದುಡ್ಡು ಕೊಡಬೇಕಿಲ್ಲ. ಪಾಸ್‌ವರ್ಡು ಮರೆತರೆ ತೆರೆಯಲು ಅದು ಕೊಡುವ ಉದ್ದನೆಯ ಸಂಖ್ಯೆಯನ್ನು ಕಾಗದದಲ್ಲಿ ತೆಗೆದು ಬೀರುವಿನಲ್ಲಿಡಬೇಕು. ಪೆನ್‌ಡ್ರೈವಿನ ಜೊತೆಗೇ ಕಟ್ಟಿಡಬಾರದು, ಅಷ್ಟೇ.

ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆ ಬೀಗವನ್ನು ನಾವೇ ತೆಗೆದುಕೊಟ್ಟಂತಾಗುತ್ತದೆ. ಅಲ್ಲಿಯ ಯಂತ್ರಕ್ಕೆ ದಿನಕ್ಕೆ ಎಷ್ಟು ಜನ ಪೆನ್‌ಡ್ರೈವ್ ಚುಚ್ಚುತ್ತಾರೋ! ವೈರಸ್ಸು ಹತ್ತಬಹುದು, ನಮ್ಮ ಪಟ್ಟಿ ಅಲ್ಲೇ ಉಳಿಯಬಹುದು. ಮುದ್ರಿಸಬೇಕಾದ ಒಂದೆರಡು ಹಾಳೆಯನ್ನು ಮಾತ್ರ ಬೇರೆ ಪೆನ್‌ಡ್ರೈವಿನಲ್ಲಿ ಒಯ್ಯಲಿ. ಹಳೆಯದನ್ನು ಅಳಿಸಿ ಮಕ್ಕಳಿಗೆ ಸಿನಿಮಾ ಹಾಡಿಗೆ ಕೊಡುವುದೂ ಬೇಡ. ಡಿಲೀಟ್ ಮಾಡಿದ ಫೈಲನ್ನು ಬಲ್ಲವರು ಮತ್ತೆ ತೆಗೆಯುತ್ತಾರೆ.

ಆಡಳಿತ ಮಂಡಳಿಗೆ ನನ್ನದೊಂದು ಕೋರಿಕೆ. ಯಾರು ಒಯ್ದರು, ಯಾವಾಗ ತಂದರು ಅಂತ ಒಂದು ರಿಜಿಸ್ಟರ್ ಇಡಿ. ಕಳೆದುಹೋದರೆ ಕಾರ್ಯದರ್ಶಿ ಅದೇ ದಿನ ಬಂದು ಹೇಳುವಂತಿರಬೇಕು. ಬೈತಾರೆ ಅಂತ ಹೆದರಿ ವಾರ ಮುಚ್ಚಿಟ್ಟರೆ ಅಷ್ಟರಲ್ಲಿ ಸದಸ್ಯರ ಖಾತೆ ಖಾಲಿಯಾಗಿರುತ್ತದೆ. ಹಣ ಹೋಯಿತು ಅಂತ ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಂಬರನ್ನು ಡೇರಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರೆ ಹಾಲು ಹಾಕಲು ಬಂದವರೆಲ್ಲ ಓದಿಕೊಳ್ತಾರೆ.